ಗೌರಿ ತಿರುಗಿ ಬಂದ ಪುಟ

ಬಳ್ಳಾರಿಯ ಆ ತರಬೇತಿ ಕೋಣೆಯಲ್ಲಿ ಫ್ಯಾನುಗಳು ಮೂರಿದ್ದವು, ತಿರುಗುತ್ತಿದ್ದುದು ಒಂದು. ಆ ಒಂದರ ಕೆಳಗೆ ನನ್ನ ಗೆಳತಿ ಕೂತಿದ್ದಳು. ನನ್ನ ಉರಿ ಅಲ್ಲಿಂದಲೇ ಶುರುವಾಯಿತು ಎಂದರೆ ನೀವು ನಗಬಹುದು. ನಗಿ, ನಿಜ ಹೇಳುತ್ತಿದ್ದೇನೆ.

ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಓದು ಕಲಿಸಲು ಗೆಳೆತನದ ಮೇಲೊಂದು ಸಣ್ಣ ಕಥೆ ಬೇಕಿತ್ತು. ಜಿಲ್ಲೆಯ ಏಳೆಂಟು ಶಿಕ್ಷಕರು ಒಂದೊಂದು ಬರೆದುಕೊಂಡು ಬಂದಿದ್ದೆವು. ಅದರಲ್ಲಿ ಒಂದನ್ನು ಆರಿಸಿ ಎರಡು ಶಾಲೆಗಳಲ್ಲಿ ಪ್ರಯೋಗ ಮಾಡುವುದು, ಮಕ್ಕಳು ಅದರಿಂದ ಓದು ಕಲಿತರೆ ಚಿತ್ರಪುಸ್ತಕ ಮಾಡಿ ಎಲ್ಲ ಶಾಲೆಗಳಿಗೂ ಕಳಿಸುವುದು ಎಂದು ಮಾತಾಗಿತ್ತು. ನಾನು ಗಿಳಿ ಮತ್ತು ಅಳಿಲಿನ ಕಥೆ ಬರೆದಿದ್ದೆ. ಒಂದೇ ಒಂದು ಒತ್ತಕ್ಷರ ಬರದಂತೆ ಪದ ಪದ ಹೆಕ್ಕಿ ಹದಿನೈದು ದಿನ ತಿದ್ದಿದ್ದೆ. ಓದಿ ಮುಗಿಸಿದಾಗ ತರಬೇತಿ ನಡೆಸುತ್ತಿದ್ದವರು ಕನ್ನಡಕ ಒರೆಸಿಕೊಳ್ಳುತ್ತ, "ಪಾಠ ಚಂದೈತ್ರಿ ಮೇಡಂ. ಕಥಿ ಎಲ್ಲೈತ್ರಿ?" ಎಂದರು. ಎಲ್ಲರೂ ನಕ್ಕರು. ಗೆಳತಿ ನಗಲಿಲ್ಲ, ಅದು ಇನ್ನೂ ಚುಚ್ಚಿತು.

ಆಮೇಲೆ ಅವಳು ಓದಿದಳು. ಗೌರಿಗೆ ಒಂದು ಸೈಕಲ್ಲು. ಗಂಗಿಗೆ ಇಲ್ಲ. ಇಬ್ಬರೂ ದಿನಾ ಒಂದೇ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಾರೆ. ಒಂದು ದಿನ ಗೌರಿ ಸಿಟ್ಟಿನಿಂದ ಒಬ್ಬಳೇ ಹೋಗುತ್ತಾಳೆ. ಗಂಗಿ ಬಿಸಿಲಲ್ಲಿ ನಡೆಯುತ್ತಾಳೆ. ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಗೌರಿ ತಿರುಗಿ ಬರುತ್ತಾಳೆ. ಇಷ್ಟೇ. ಕೋಣೆ ತುಂಬ ಚಪ್ಪಾಳೆ, ಅವಳ ಕಥೆಯನ್ನೇ ಆರಿಸಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಎರಡೂ ಹೆಗಲು ಮುಟ್ಟಿಕೊಂಡೆ. ಇಪ್ಪತ್ತು ವರ್ಷದ ಹಿಂದೆ ಶಿಕ್ಷಕರ ತರಬೇತಿ ಓದುವಾಗ ಅವಳೂ ನಾನೂ ಸತ್ಯನಾರಾಯಣಪೇಟೆಯ ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಪಾಠ ಹೇಳಿ ರೂಢಿ ಮಾಡಿಕೊಳ್ಳಲು ನಮ್ಮನ್ನು ಸಂಗನಕಲ್ಲಿನ ಶಾಲೆಗೆ ಹಾಕಿದ್ದರು. ಸೈಕಲ್ಲು ನನ್ನದು. ಹೋಗುವಾಗ ನಾನು ತುಳಿಯುತ್ತಿದ್ದೆ, ಬರುವಾಗ ಅವಳು. ಸಿರುಗುಪ್ಪದಿಂದ ಬಂದಾಗ ಅವಳಿಗೆ ಸೈಕಲ್ ಹತ್ತಲೂ ಬರುತ್ತಿರಲಿಲ್ಲ. ಹಿಂದೆ ಹಿಡಿದುಕೊಂಡು ಓಡಿ, ಮೊಣಕಾಲು ತರಚಿಕೊಂಡು ಕಲಿಸಿದವಳು ನಾನು. ಈಗ ನೋಡಿ, ಇಡೀ ಜಿಲ್ಲೆಯ ಎದುರು ನಾನು ಸಿಟ್ಟಿನ ಗೌರಿ! ಅಂಥದ್ದೇನೂ ಆಗಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಪ್ರಯೋಗಕ್ಕೆ ಆರಿಸಿದ ಎರಡು ಶಾಲೆಗಳಲ್ಲಿ ಕುರುಗೋಡು ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯೂ ಒಂದಾಯಿತು. ಎರಡೂ ಕಡೆಯಿಂದ ಒಳ್ಳೆಯ ವರದಿ ಬಂದರೆ ಮಾತ್ರ ಪುಸ್ತಕ. ಒಂದು ಕಡೆ ಕೆಟ್ಟರೂ ಕಥೆ ಬಿದ್ದುಹೋಗುತ್ತದೆ. ಊಟದ ಬಿಡುವಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಗೆಳತಿ ಬಂದು, "ನಿನ್ನ ಕೈಯಾಗ ಬಂತಲ್ಲಲೇ, ಇನ್ನ ನನಗ ಚಿಂತಿಲ್ಲ" ಎಂದಳು. ನಾನು ಮಿರ್ಚಿ ಕಚ್ಚಿದೆ. ಖಾರ ಕಣ್ಣಿಗೆ ಬಂದದ್ದು ಅನುಕೂಲವಾಯಿತು.

ಕಥೆಯ ಜೊತೆ ಅವಳು ಕಲಿಸುವ ಹಂತಗಳನ್ನೂ ಎರಡು ಪುಟ ಬರೆದು ಕೊಟ್ಟಿದ್ದಳು. ಮೊದಲ ಮೂರು ದಿನ ಮಕ್ಕಳಿಗೆ ಅಕ್ಷರ ತೋರಿಸಲೇಬಾರದು. ನೆಲದ ಮೇಲೆ ಕೂತು ಕಥೆ ಹೇಳಬೇಕು, ಮಕ್ಕಳಿಂದ ಆಡಿಸಬೇಕು. ಆಮೇಲೆ ಪ್ರತಿ ಮಗುವೂ ತನಗೆ ಬೇಕಾದ ಒಂದು ಪದ ಕೇಳುತ್ತದೆ. ಅದನ್ನು ಮಗುವಿನ ಕಣ್ಣೆದುರೇ ದಪ್ಪ ಕಾರ್ಡಿನ ಮೇಲೆ ಬರೆದು ಕೊಡಬೇಕು. ಮರುದಿನ ಎಲ್ಲ ಕಾರ್ಡು ನೆಲದ ಮೇಲೆ ಹರಡಿದಾಗ ಮಗು ತನ್ನದನ್ನು ಗುರುತಿಸಿದರೆ ಅದು ಮಗುವಿನದು, ಗುರುತಿಸದಿದ್ದರೆ ಬಯ್ಯದೆ ಅದನ್ನು ತೆಗೆದಿಟ್ಟು ಬೇರೆ ಪದ ಕೇಳಬೇಕು. ಆಮೇಲೆ ಕಥೆಯ ಸಾಲುಗಳನ್ನು ಪಟ್ಟಿಯಾಗಿ ಕತ್ತರಿಸಿ ಜೋಡಿಸುವುದು. ಎಲ್ಲಕ್ಕಿಂತ ಕೊನೆಗೆ ಪ್ರಯೋಗಕ್ಕೆಂದು ಹಾಳೆ ಹೊಲಿದು ಮಾಡಿದ ಪುಸ್ತಕ, ಬೆರಳಿಟ್ಟು ಓದುವುದು. ಪುಸ್ತಕದ ಕೊನೆಯ ಪುಟ ಖಾಲಿ, ಅಲ್ಲಿ ಮಗುವೇ ಏನಾದರೂ ಬರೆಯಬೇಕು.

ನಾನೇನು ಮಾಡಿದೆ? ಮೊದಲ ದಿನವೇ ಇಡೀ ಕಥೆಯನ್ನು ಕರಿಹಲಗೆಯ ಮೇಲೆ ಬರೆದೆ. ಕೋಲು ಹಿಡಿದು ಸಾಲು ಸಾಲು ಹೇಳಿಸಿದೆ. ಮೂರು ಸಲ ನಕಲು ಮಾಡಿಸಿದೆ. ಅವಸರವಿತ್ತು, ಮಕ್ಕಳು ಹೆಚ್ಚಿದ್ದರು ಎಂದೆಲ್ಲ ನೆಪ ಹೇಳಬಹುದು. ಹೇಳುವುದಿಲ್ಲ. ಕಥೆ ಸೋಲಲಿ ಎಂದೇ ಮಾಡಿದೆ.

ಒಂದು ವಾರಕ್ಕೆ ಇಡೀ ತರಗತಿ ಕಥೆಯನ್ನು ಹಾಡಿನಂತೆ ಒದರುತ್ತಿತ್ತು. ಸಾಲುಗಳನ್ನು ಕತ್ತರಿಸಿ ಪಟ್ಟಿ ಮಾಡಿ ಕೊಟ್ಟೆ. ಮೂರು ನಾಲ್ಕು ಮಕ್ಕಳು ಬಿಟ್ಟರೆ ಒಬ್ಬರಿಗೂ ಒಂದು ಸಾಲೂ ಗೊತ್ತಾಗಲಿಲ್ಲ. ಮೂರನೆಯ ತರಗತಿಯ ಒಬ್ಬಳು ಹುಡುಗಿಯಂತೂ ನಕಲು ಮಾಡಿದ ಹಾಳೆಯನ್ನು ತಲೆಕೆಳಗು ಹಿಡಿದು ತಪ್ಪಿಲ್ಲದೆ ಕಥೆ ಒಪ್ಪಿಸಿದಳು. ಎರಡು ವರ್ಷದಿಂದ ನನ್ನ ಹತ್ತಿರ ಅಕ್ಷರ ತಿದ್ದುತ್ತಿದ್ದವಳು ಅವಳು. ತಾಯಿಯ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುವುದು, ಬಂದ ಮೇಲೆ ಮತ್ತೆ ಅ ಆ ಇ ಈ. ಅವಳ ಕೈಯಲ್ಲಿ ಆ ತಲೆಕೆಳಗಾದ ಹಾಳೆ ನೋಡಿ ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಶುಕ್ರವಾರ ಬಂದರು. ಮಕ್ಕಳ ಹತ್ತಿರ ಒಂದೆರಡು ಪಟ್ಟಿ ಓದಿಸಿ ನೋಡಿ ತಲೆ ಕೆರೆದುಕೊಂಡರು.

"ಸಿರುಗುಪ್ಪದ ಕಡೆ ಸಾಲ್ಯಾಗ ಹುಡುಗ್ರು ಚೊಲೋ ಓದಾಕತ್ಯಾರ್ರಿ. ಮೊದ್ಲ ಮೂರು ದಿನ ಅಕ್ಷರ ತೋರಸ್ಬಾರ್ದಂತ ಇತ್ತಲ್ರಿ ಮೇಡಂ? ಹಂಗ ಮಾಡಿದ್ರಿಲ್ಲೋ?"

"ಮಾಡೀನ್ರಿ ಸರ್. ಕಥಿಯೊಳಗ ದಮ್ಮಿಲ್ರಿ, ನಾನೇನ್ ಮಾಡ್ಲಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಲು ಬಂದೂ ನೆಲ ಡೊಂಕು ಅಂದವಳು. ಕಿಟಕಿಯ ಪಕ್ಕ ಕೂತಿದ್ದ ಆ ಹುಡುಗಿ ಕತ್ತೆತ್ತಿ ನನ್ನ ಮುಖ ನೋಡಿದಳು. ಮೊದಲ ದಿನ ಕರಿಹಲಗೆ ಒರೆಸಿಕೊಟ್ಟವಳೇ ಅವಳು. ನಾನು ಹಾಜರಿ ಪುಸ್ತಕ ತೆರೆದು ಅದರಲ್ಲಿ ಮುಖ ಮುಚ್ಚಿಕೊಂಡೆ.

ವರದಿಯ ಫಾರಮ್ಮಿನಲ್ಲಿ ಕೊನೆಯ ಕಾಲಂ ಹೀಗಿತ್ತು: ಕಥೆಯ ಅಂತ್ಯ ಬದಲಾಗಬೇಕೇ? ಕಾರಣ ಬರೆಯಿರಿ. ನಾನು ಪೆನ್ಸಿಲಿನಲ್ಲಿ ಬರೆದೆ: ಹೌದು. ಗೌರಿ ತಿರುಗಿ ಬರುವುದು ಅಸಹಜ. ಸೋಮವಾರ ಪೆನ್ನಿನಲ್ಲಿ ತಿದ್ದಿ ಕಳಿಸುವುದೆಂದು ಮೇಜಿನ ಖಾನೆಯಲ್ಲಿಟ್ಟೆ.

ಸೋಮವಾರ ಮತ್ತೆ ಕಥೆ ಹೇಳಿಸುತ್ತಿದ್ದೆ. ಬೇವಿನ ಮರ ಬಂತು. ಎಲ್ಲರೂ "ಗೌರಿ ತಿರುಗಿ ಬಂದಳು" ಎಂದು ಕೂಗಿದರು. ಆ ಹುಡುಗಿ ಬಾಯಿ ಮುಚ್ಚಿಕೊಂಡಳು. ಇನ್ನೊಮ್ಮೆ ಹೇಳಿಸಿದೆ. ಆಗಲೂ ಅಷ್ಟೇ.

"ಯಾಕವ್ವಾ, ಬಾಯಿಗೇನಾತು?"

"ಟೀಚರ್, ಗೌರಿ ಬರಂಗಿಲ್ರಿ."

"ಬಂದಾಳಂತ ಬರದೈತಲ್ಲ."

"ಸುಳ್ಳ ಬರದಾರ್ರಿ. ಸೈಕಲ್ ಮ್ಯಾಲ ಹೋದಾಕಿ ನಡಿಯಾಕಿ ಸಲುವಾಗಿ ಯಾಕ ತಿರುಗಿ ಬರ್ತಾಳ್ರಿ?"

ನಾನು ಪೆನ್ಸಿಲಿನಲ್ಲಿ ಬರೆದದ್ದೇ ಮಾತು. ಆದರೆ ಎಂಟು ವರ್ಷದ ಬಾಯಲ್ಲಿ ಅದನ್ನು ಕೇಳಿದಾಗ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮಧ್ಯಾಹ್ನ ಬಿಸಿಯೂಟದ ಅಡುಗೆಯಮ್ಮನನ್ನು ಕೇಳಿದೆ. ಸೌಟು ಹಿಡಿದೇ ಹೇಳಿದಳು, "ಆಕಿ ಗೆಳತಿ ಟೂ ಬಿಟ್ಟಾಳ್ರೀ ಮೇಡಂ. ಒಂದನೇ ಕ್ಲಾಸಿನಿಂದ ಒಂದ ಗಂಗಾಳದಾಗ ಉಂಡೋವು ಇವು. ಈಕಿ ಮೆಣಸಿನಕಾಯಿಗೆ ಹೋಗಿ ಬರೋದ್ರಾಗ ಆಕಿ ಬ್ಯಾರೇ ಹುಡುಗಿ ಕೂಡ ಜೋಡಾದ್ಲು. ಈಗ ಈಕಿ ಒಬ್ಬಾಕಿನ ಕಂಬಕ್ಕ ಒರಗಿ ಉಣ್ತಾಳ ನೋಡ್ರಿ." ನೋಡಿದೆ. ತಟ್ಟೆ ತೊಡೆಯ ಮೇಲಿತ್ತು, ಕಣ್ಣು ಸಾಲಿನ ಆ ತುದಿಯಲ್ಲಿದ್ದ ಇಬ್ಬರ ಮೇಲಿತ್ತು. ಆ ನೋಟ ನನಗೆ ಗೊತ್ತು. ತರಬೇತಿ ಕೋಣೆಯಲ್ಲಿ ತಿರುಗುವ ಫ್ಯಾನಿನ ಕೆಳಗೆ ಕೂತಿದ್ದ ಗೆಳತಿಯನ್ನು ನಾನು ನೋಡಿದ್ದು ಇದೇ ಕಣ್ಣಿನಿಂದ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಸಂಗನಕಲ್ಲಿನಲ್ಲಿ ಗೆಳತಿ ಹೇಳಿದ ಒಂದು ಪಾಠ ನೋಡಿ ನಮ್ಮ ಉಪನ್ಯಾಸಕರು ಎಲ್ಲರನ್ನೂ ಕರೆದು, "ಪಾಠ ಹೇಳೋದಂದ್ರ ಹಿಂಗ, ಈಕಿನ್ನ ನೋಡಿ ಕಲೀರಿ" ಎಂದಿದ್ದರು. ಅವಳ ಚಾರ್ಟು ಬರೆದುಕೊಟ್ಟವಳು ನಾನು, ಕೂರಿಸಿಕೊಂಡು ಹೋದವಳು ನಾನು, ನೋಡಿ ಕಲಿಯಬೇಕಾದವಳೂ ನಾನು. ಮರುವಾರ ಹೊರಗಿನಿಂದ ಪರೀಕ್ಷಕರು ಬರುವ ದಿನ ಅವಳು ಜಡೆ ಹಾಕಿಕೊಳ್ಳುತ್ತಿದ್ದಳು. "ಮೂಲಿ ಸೈಕಲ್ ಅಂಗಡಿಯಾಗ ಗಾಳಿ ಹೊಡಿಸ್ಕೊಂಡ್ ಬರ್ತೀನಿ" ಎಂದು ಹೇಳಿ ಸೈಕಲ್ ಹತ್ತಿದೆ. ಗಾಳಿ ಹೊಡೆಸಲಿಲ್ಲ. ತಿರುಗಿಯೂ ಬರಲಿಲ್ಲ. ಅವಳು ಬಾಗಿಲಲ್ಲಿ ಕಾದು, ಆಮೇಲೆ ಆ ಬಿಸಿಲಲ್ಲಿ ಸಂಗನಕಲ್ಲಿನ ತನಕ ನಡೆದು ಬಂದಳು. ಅರ್ಧ ಗಂಟೆಯ ಪಾಠದಲ್ಲಿ ಹತ್ತು ನಿಮಿಷ ಸಿಕ್ಕಿತು. ಅಂಕ ನನಗೆ ಹೆಚ್ಚು ಬಂದವು. ಪಂಕ್ಚರ್ ಆಗಿತ್ತು, ನೀನು ಬೇರೆಯವರ ಜೊತೆ ಹೋಗಿರುತ್ತೀ ಅಂದುಕೊಂಡೆ ಎಂದೆ. ಅವಳು ಹೂಂ ಎಂದಳು. ಸಂಜೆ ತುಳಿಯುವ ಸರದಿ ಅವಳದು, ಕಾಲು ಸೋತಿದೆ ಎಂದು ಹಿಂದೆ ಕೂತಳು, ಅಷ್ಟೇ.

ಮಕ್ಕಳು ಕೈ ತೊಳೆಯುತ್ತಿದ್ದಾಗಲೇ ಸಿಆರ್‌ಪಿ ಸರ್‌ಗೆ ಫೋನು ಮಾಡಿದೆ. ಇನ್ನೊಂದು ತಾಸು ತಡೆದಿದ್ದರೆ ಮನಸ್ಸು ಬದಲಾಗುತ್ತಿತ್ತು, ನನ್ನ ಬುದ್ಧಿ ನನಗೆ ಗೊತ್ತು.

"ಸರ್, ಪ್ರಯೋಗ ನಾ ಸರಿ ಮಾಡಿಲ್ರಿ. ಹಂತ ಎಲ್ಲಾ ಬಿಟ್ಟೀನಿ."

"ಮೊನ್ನಿ ಮಾಡೀನಿ ಅಂದಿದ್ರಲ್ರಿ?"

"ಸುಳ್ಳ ಹೇಳಿದ್ದೆ ರೀ."

ಆ ಕಡೆ ಬೈಕಿನ ಸದ್ದು ನಿಂತಿತು. "ಮೂರು ವಾರ ಕೊಡ್ತೀನ್ರಿ. ಮ್ಯಾಲಿನೋರಿಗೆ ನಾ ಹೇಳ್ಕೊಂತೀನಿ. ಆದ್ರ ಮೇಡಂ, ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ" ಎಂದರು. ನನಗಿಂತ ಹತ್ತು ವರ್ಷ ಚಿಕ್ಕವರು. ಹೂಂ ರೀ ಎಂದೆ.

ಮೂರು ವಾರ ಸಿಕ್ಕಿದವು, ಸರಿ. ಆದರೆ ಕಥೆಯನ್ನು ನಾನೇ ಕೆಡಿಸಿ ಇಟ್ಟಿದ್ದೆನಲ್ಲ! ಬಾಯಿಪಾಠವಾದ ಕಥೆಯನ್ನು ಮಕ್ಕಳ ಬಾಯಿಂದ ತೆಗೆಯುವುದು ಹೇಗೆ? ಗೌರಿ ಎನ್ನುವಷ್ಟರಲ್ಲಿ ಇಡೀ ತರಗತಿ ಕೊನೆಯ ತನಕ ಒದರಿಬಿಡುತ್ತಿತ್ತು. ಎರಡು ದಿನ ಹೀಗೇ ಹೋದವು. ಮೂರನೆಯ ದಿನ ಕರಿಹಲಗೆ ಒರೆಸಿ, ನೆಲದ ಮೇಲೆ ಅವರ ನಡುವೆ ಕೂತು ಬೇರೆ ರೀತಿ ಹೇಳತೊಡಗಿದೆ. ಸೈಕಲ್ಲಿನ ಬಣ್ಣ ಹೇಳಿದೆ. ಕ್ಯಾರಿಯರಿಗೆ ಕಟ್ಟಿದ್ದ ಹಳೆಯ ಸೀರೆಯ ತುಂಡು ಹೇಳಿದೆ. ಗಂಗಿ ಹತ್ತಲು ಹೋಗಿ ಮೂರು ಸಲ ಬಿದ್ದದ್ದು, ಕೌಲ್ ಬಜಾರಿನ ಸಂತೆಜನದ ನಡುವೆ ಬ್ರೇಕು ಹತ್ತದೆ ಬಳೆ ಅಂಗಡಿಗೆ ನುಗ್ಗಿದ್ದು, ಬಳೆಗಾರ ಬೈದದ್ದು. ಮಕ್ಕಳು ಬಿದ್ದು ಬಿದ್ದು ನಕ್ಕರು. ಬೇವಿನ ಮರ ಬಂದಾಗ ನಿಲ್ಲಿಸಿದೆ. "ಮುಂದ?" ಎಂದರು. "ಮುಂದೇನಾತೋ ನನಗೂ ಗೊತ್ತಿಲ್ಲ" ಎಂದೆ. ಬಾಯಿಪಾಠದ ಹಾಡು ಅಲ್ಲಿಗೆ ನಿಂತಿತು.

ಆಮೇಲೆ ಗೆಳತಿ ಬರೆದಂತೆಯೇ ನಡೆದೆ. ಹಳೆಯ ಟಯರು ತಂದು ಮಕ್ಕಳು ಕಥೆ ಆಡಿದರು. ಪದ ಕೇಳುವ ದಿನ ಬಂತು. ಒಬ್ಬನಿಗೆ ಗಾಲಿ, ಒಬ್ಬಳಿಗೆ ಬಳೆ, ಒಬ್ಬನಿಗೆ ಕಥೆಯಲ್ಲಿ ಎಲ್ಲೂ ಇಲ್ಲದ ಐಸ್‌ಕ್ರೀಮು. ಬರೆದುಕೊಟ್ಟೆ. ಮರುದಿನ ಬೆಳಿಗ್ಗೆ ಕಾರ್ಡುಗಳನ್ನು ಹರಡಿದರೆ ಮಕ್ಕಳು ಮೊರದ ಕಾಳಿಗೆ ಕೋಳಿ ಮುಗಿಬಿದ್ದ ಹಾಗೆ ಬಿದ್ದು ತಮ್ಮ ತಮ್ಮ ಪದ ಎತ್ತಿಕೊಂಡರು. ತಲೆಕೆಳಗು ಹಿಡಿದವರು ಒಬ್ಬರೂ ಇಲ್ಲ. ಅವಳ ಹಂತಗಳು ಸರಿಯಾಗಿದ್ದವು. ಒಂದೊಂದು ಕಾರ್ಡು ಗೆದ್ದಾಗಲೂ ಸಂತೋಷದ ಹಿಂದೆಯೇ ಒಂದು ಪ್ರಶ್ನೆ ಬರುತ್ತಿತ್ತು. ಇದು ನನಗೇಕೆ ಹೊಳೆಯಲಿಲ್ಲ?

ಆ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ಎರಡು ದಿನ ಖಾಲಿ ಕಾರ್ಡು ಅವಳಿಗಾಗಿ ಬದಿಗಿಟ್ಟೆ. ಮೂರನೆಯ ದಿನ ಎಲ್ಲರೂ ಆಟಕ್ಕೆ ಹೋದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು.

"ಹೊಟ್ಟಿಕಿಚ್ಚು ಅಂತ ಬರದು ಕೊಡ್ರಿ ಟೀಚರ್."

"ಆ ಮಾತು ಕಥಿಯೊಳಗಿಲ್ಲಲ್ಲವ್ವಾ."

"ಐತ್ರಿ. ಗೌರಿಗೆ ಇತ್ತಲ್ರಿ, ಅದಕ್ಕ ಬಿಟ್ಟು ಹೋದ್ಲು. ನನಗೂ ಐತ್ರಿ."

ಒಂದೇ ಪದದಲ್ಲಿ ಎರಡು ಒತ್ತಕ್ಷರ! ಅ ಆ ಗಟ್ಟಿಯಿಲ್ಲದ ಮಗುವಿಗೆ ಇಂಥ ಪದ ಕೊಡಬಾರದು ಎಂದು ಇಪ್ಪತ್ತು ವರ್ಷ ಪಾಲಿಸಿಕೊಂಡು ಬಂದವಳು ನಾನು. ಒತ್ತಕ್ಷರವಿಲ್ಲದ ನನ್ನ ಗಿಳಿ ಅಳಿಲು ಅದೇ ನಂಬಿಕೆಯಿಂದ ಹುಟ್ಟಿದ್ದು. ಬೇರೆ ಪದ ಕೇಳು ಎನ್ನಬಹುದಿತ್ತು. ಆದರೆ ಅವಳು ಬಾಯಿ ಬಿಟ್ಟು ಒಪ್ಪಿಕೊಂಡದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಒಪ್ಪಿಕೊಂಡಿರಲಿಲ್ಲ. ಅವಳು ಹೇಳಿದ ಹಾಗೇ ದೊಡ್ಡದಾಗಿ ಬರೆದೆ. ಬರೆಯುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕಾರ್ಡನ್ನು ಲಂಗದ ಜೇಬಿಗೆ ಹಾಕಿಕೊಂಡು ಹೋದಳು.

ಮರುದಿನ ರಾಶಿಯಲ್ಲಿ ಮೊದಲು ಎತ್ತಿದ ಕಾರ್ಡು ಅವಳದು. ಬೆರಳಿಟ್ಟು ಓದಿದಳು. ನಾನು ನಂಬದೆ ಮತ್ತೆ ಬೆರೆಸಿ ಹಾಕಿದೆ, ಮತ್ತೆ ಎತ್ತಿದಳು. ಮಧ್ಯಾಹ್ನ ಓಡಿ ಬಂದು, "ಟೀಚರ್, ನಮ್ಮ ಓಣಿ ಹಿಟ್ಟಿನ ಗಿರಣಿ ಬೋರ್ಡಿನ್ಯಾಗ ನನ್ನ ಟ್ಟಿ ಐತ್ರಿ!" ಎಂದಳು. ಅಲ್ಲಿಂದ ರೊಟ್ಟಿ, ಬುಟ್ಟಿ, ಬೆಟ್ಟ. ಕಿಚ್ಚಿನಿಂದ ಹುಚ್ಚು, ಮುಚ್ಚಳ. ಎರಡು ವರ್ಷ ನಾನು ಅ ಇಂದ ತಳ್ಳಿದ್ದ ಗಾಡಿ ಹೊಟ್ಟೆಕಿಚ್ಚಿನಿಂದ ಹೊರಟಿತು. ಟೂ ಬಿಟ್ಟ ಗೆಳತಿ ಒಮ್ಮೆ ಕುತ್ತಿಗೆ ಉದ್ದ ಮಾಡಿ, "ನಿಂದೇನ ಪದ, ತೋರ್ಸು" ಎಂದಳು. ಇವಳು ಜೇಬು ಮುಚ್ಚಿಕೊಂಡಳು.

ಪಟ್ಟಿ ಜೋಡಿಸುವುದೂ ಮುಗಿದ ಮೇಲೆ, ಮೂರನೆಯ ವಾರದ ಕೊನೆಗೆ ಪುಸ್ತಕ ಕೈಗೆ ಕೊಟ್ಟೆ. ಆ ಹುಡುಗಿ ಪುಸ್ತಕವನ್ನು ನೇರ ಹಿಡಿದು, ಬೆರಳು ಸರಿಸುತ್ತ, ಅಲ್ಲಲ್ಲಿ ನಿಂತು, ಮೂಗು ಸೇದಿ, ಪೂರ್ತಿ ಓದಿದಳು. ಗೌ ರಿ ತಿ ರು ಗಿ ಬಂ ದ ಳು. ಆ ಸಾಲನ್ನೂ ಓದಿದಳು. ಆಮೇಲೆ ಖಾಲಿ ಪುಟಕ್ಕೆ ಬಂದಳು. ಬೇರೆ ಮಕ್ಕಳು ಸೈಕಲ್ಲು, ಇಬ್ಬರು ಗೆಳತಿಯರ ಚಿತ್ರ ಬರೆದಿದ್ದರು. ಅವಳು ಒಂದು ಬೇವಿನ ಮರ ಬರೆದು, ಅದರ ಕೆಳಗೆ ಒಬ್ಬಳನ್ನೇ ನಿಲ್ಲಿಸಿದಳು. ಅಡಿಯಲ್ಲಿ ಎರಡೇ ಪದ. "ಗಂಗಿ ಕಾಯತಾಳ."

ಆ ಪುಟ ನೋಡಿದ ಮೇಲೆ ವರದಿಯನ್ನು ಅಂಚೆಯಲ್ಲಿ ಹಾಕಲು ಆಗಲಿಲ್ಲ. ಎಲ್ಲ ಕಾಲಂ ಪೆನ್ನಿನಲ್ಲಿ ತುಂಬಿದೆ. ಮೊದಲ ಸಲ ಹಂತ ಬಿಟ್ಟದ್ದು, ಸುಳ್ಳು ಹೇಳಿದ್ದು, ಎರಡನೆಯ ಸಲ ಮಕ್ಕಳು ಓದಿದ್ದು, ಎಲ್ಲ ಬರೆದೆ. ಕೊನೆಯ ಕಾಲಮ್ಮಿನ ಪೆನ್ಸಿಲ್ ಬರಹವನ್ನು ರಬ್ಬರಿನಿಂದ ಅಳಿಸಿ ಖಾಲಿ ಬಿಟ್ಟೆ. ಶನಿವಾರ ಬೆಳಗಿನ ಶಾಲೆ ಬಿಟ್ಟವಳೇ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ. ಏನು ಹೇಳಬೇಕೆಂದು ನಾಲ್ಕು ಸಲ ಜೋಡಿಸಿಕೊಂಡೆ, ನಾಲ್ಕೂ ಸಲ ಅದರಲ್ಲಿ ನನ್ನದೇ ತಪ್ಪು ಕಡಿಮೆಯಾಗುತ್ತಿತ್ತು.

ಗೆಳತಿ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು.

"ಏನಲೇ, ಫೋನಿಲ್ಲ ಸುದ್ದಿಲ್ಲ, ಹಿಂಗ ಬಂದಿ? ಬಾ, ಕುಂದ್ರು. ನೀರ ಕುಡಿ ಮೊದ್ಲ."

ನೀರು ಕುಡಿಯಲಿಲ್ಲ. ಕುಡಿದರೆ ಮಾತು ಒಳಗೇ ಹೋಗುತ್ತದೆ ಎನಿಸಿತು. "ಅವತ್ತು ಪಂಕ್ಚರ್ ಆಗಿದ್ದಿಲ್ಲ" ಎಂದೆ.

ಯಾವತ್ತು ಎಂದು ಅವಳು ಕೇಳಲಿಲ್ಲ. ಮೊರ ಎರಡು ಸಲ ಕೊಡವಿ, "ಗೊತ್ತೈತಿ. ಮೂಲಿ ಅಂಗಡಿಯಾಂವ ಅವತ್ತು ಬಾಗಲಾನ ತೆಗದಿದ್ದಿಲ್ಲ" ಎಂದಳು.

"ಗೊತ್ತಿದ್ದೂ ಯಾಕ ಕೇಳ್ಲಿಲ್ಲಲೇ?"

"ಕೇಳಿದ್ರ ಇನ್ನೊಂದು ಸುಳ್ಳ ಹೇಳ್ತಿದ್ದಿ. ಮರುದಿನ ಸಾಲಿಗೆ ಹೋಗಾಕ ನನಗ ನಿನ್ನ ಸೈಕಲ್ ಬೇಕಿತ್ತು." ಸ್ವಲ್ಪ ನಕ್ಕಳು. "ಸಿಟ್ಟ ಇತ್ತು. ಭಾಳ ಇತ್ತು."

"ನನಗ ಹೊಟ್ಟಿಕಿಚ್ಚು ಇತ್ತು. ಈಗೂ ಐತಿ. ಆ ಪುಸ್ತಕದ ಮ್ಯಾಲ ನಿನ್ನ ಹೆಸರು ಬರ್ತೈತಲ್ಲ, ಅದನ್ನ ನೆನಸ್ಕೊಂಡ್ರ ಈಗೂ ಉರೀತೈತಿ."

"ಉರೀಲಿ ಬಿಡು. ನಿನ್ನ ಚಾರ್ಟಿನ ಅಕ್ಷರ ನೋಡಿ ನನಗ ಉರೀತಿದ್ದಿಲ್ಲೇನು?"

ಇದು ನನಗೆ ಗೊತ್ತಿರಲಿಲ್ಲ. ಎಷ್ಟೋ ಹೊತ್ತು ಇಬ್ಬರೂ ಅಕ್ಕಿಯಲ್ಲಿ ಕಲ್ಲು ಹುಡುಕಿದೆವು. ಆಮೇಲೆ ಕೇಳಿಯೇಬಿಟ್ಟೆ.

"ಮತ್ತ ಕಥಿಯೊಳಗ ನನ್ನ ಯಾಕ ತಿರುಗಿ ಕರ್ಕೊಂಡ್ ಬಂದಿ?"

"ಆ ದಾರ್ಯಾಗ ನಡಿಯೋವಾಗ ಎದುರಿಗೆ ಬರೋ ಸೈಕಲ್ಲೆಲ್ಲಾ ನಿಂದ ಅನಸ್ತಿತ್ತು. ಈಕಿ ಬಂದ್ಲು, ಈಕಿ ಬಂದ್ಲು ಅಂತ. ಬೇವಿನ ಮರದ ತನಕ ಅನಸ್ತು. ಆಮ್ಯಾಲ ಅನಸ್ಲಿಲ್ಲ. ಅದಕ್ಕ ನಿನ್ನ ಅಲ್ಲಿಗೇ ಕರ್ಕೊಂಡ್ ಬಂದೆ."

ಚೀಲದಿಂದ ಫಾರಮ್ಮು ತೆಗೆದು ಅವಳ ಮುಂದಿಟ್ಟೆ. "ಎಲ್ಲಾ ತುಂಬೀನಿ. ಇದೊಂದು ಕಾಲಂ ನನಗ ಬರಿಯಾಕ ಆಗಾಂಗಿಲ್ಲ. ನೀನ ಹೇಳು."

ಅವಳು ಕೈಯ ತೌಡು ಸೆರಗಿಗೆ ಒರೆಸಿಕೊಂಡು ಓದಿದಳು. ಕಥೆಯ ಅಂತ್ಯ ಬದಲಾಗಬೇಕೇ? ಹಾಳೆಯನ್ನು ಬೆಳಕಿಗೆ ಹಿಡಿದಳು. "ಏನೋ ಬರದು ಅಳಸಿದಂಗೈತಿ."

"ಹೂಂ. ಗೌರಿ ತಿರುಗಿ ಬರೂದು ಅಸಹಜ ಅಂತ ಬರದಿದ್ದೆ."

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಮೊರ ಬದಿಗೆ ಸರಿಸಿ, ಪೆನ್ನು ನನ್ನ ಕೈಗೇ ಕೊಟ್ಟಳು.

"ಇದ್ದಂಗ ಇರ್ಲಿ ಅಂತ ಬರಿ. ಬಂದಿಯಲ್ಲ."